ಬಾಸಿಂಗಪ್ಪನ ನೀರು

ನ್ಯಾಮತಿ,
ಸೋಮವಾರ, ೭ ಏಪ್ರಿಲ್ ೨೦೨೫

ಪ್ರೀತಿಯ ಪುಷ್ಪಾ ಅತ್ತಿಗೆಗೆ, ನಿಮ್ಮ ಮೈದುನ ಕೆಂಚೇಶಿಯ ನಮಸ್ಕಾರ.

ಹೆಂಗದೀರಿ ಅತ್ತಿಗೆ? ಹೊತ್ತಿಗೆ ಸರಿಯಾಗಿ ಉಣ್ತೀರೋ ಇಲ್ಲೋ? ಬಿಸಿಲು ಬಂದ್ರೆ ನಿಮಗೆ ಒಂದ್ಕಡೆ ತಲೆ ಸಿಡೀತಿತ್ತಲ್ಲ, ಅದು ಹೆಂಗೈತೆ? ನಿಮ್ಮ ಅವ್ವಾರ ಮಂಡಿ ನೋವು ಏನಂತೈತೆ? ಇಲ್ಲಿ ನಾನು ಆರಾಮದೀನಿ ಅಂತ ಬರೀಬೇಕು, ಬರ್ದೀನಿ. ಅವ್ವ ಅದಾಳೆ. ಉಂಡ್ರೆ ಉಂಡ್ಲು, ಇಲ್ಲಾಂದ್ರೆ ತಟ್ಟೆ ಮುಂದೆ ಇಟ್ಕೊಂಡು ಗೋಡೆ ನೋಡ್ತಾ ಕೂತಿರ್ತಾಳೆ. ಹತ್ತನೇ ಕ್ಲಾಸಿನ ಪರೀಕ್ಷೆ ಆದ್ಮೇಲೆ ನಾನು ಪತ್ರ ಅಂತ ಬರೀತಿರೋದು ಇದೇ ಮೊದ್ಲು. ಅವಾಗ ಶಾಲೆ ವಾರ್ಷಿಕೋತ್ಸವಕ್ಕೆ ಗೆಳೆಯನ್ನ ಕರೀರಿ ಅಂತ ಪ್ರಶ್ನೆ ಬಂದಿತ್ತು, ಕರೆದು ಬಂದಿದ್ದೆ. ಇದು ಹಂಗಲ್ಲ. ತಪ್ಪಿದ್ರೆ ನೀವೇ ತಿದ್ದಿ ಓದ್ಕೊಳ್ರಿ.

ಮೊದ್ಲು ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವು ಅದನ್ನೇ ಹುಡುಕ್ತಾ ಹಾಳೆ ತಿರುವಿ ಹಾಕ್ತೀರಿ. ಬಾಸಿಂಗಪ್ಪ ಬದುಕೈತೆ. ಸೊರಗೈತೆ, ಆದ್ರೆ ಬದುಕೈತೆ. ಇನ್ಮುಂದೆ ಅದನ್ನ ನೀವು ಇಟ್ಕೋಬೇಕು ಅತ್ತಿಗೆ, ಈ ಬೇಸಿಗೆ ಅದು ನಮ್ಮ ಮನ್ಯಾಗೆ ದಾಟಲ್ಲ. ಈ ಪತ್ರದ ಜೊತೆಗೆ ಒಂದು ಚೀಲ ಬಂದಿರ್ತೈತೆ. ನೀರಿಗೆ ಗಾಳಿ ಬಿಡೋ ಮೋಟ್ರು, ಒಂದೆರಡು ಸಣ್ಣ ಬಾಟ್ಲಿ, ಮೀನಿನ ಕಾಳಿನ ಪೊಟ್ಟಣ, ಒಂದು ಸ್ಟೀಲ್ ಡಬ್ಬಿ. ಡಬ್ಬಿ ಒಳಗೆ ಕಂದು ಬಣ್ಣದ, ಲೋಳೆ ಹಿಡಿದ ಸ್ಪಂಜಿನ ತುಂಡು ಐತೆ. ಮೂಗು ಮುಚ್ಕೊಂಡು ಎಸೀಬೇಡ್ರಿ. ನಿಮ್ಮ ಅವ್ವಾರ ಕೈಗೆ ಸಿಗಾಕೂ ಬಿಡಬೇಡ್ರಿ, ಅವ್ರು ನೋಡಿದ ತಕ್ಷಣ ತಿಕ್ಕಿ ತೊಳೆದು ಬಿಸಿಲಿಗೆ ಹಾಕ್ತಾರೆ. ಅದೇನು, ಎಲ್ಲಿಂದ ಬಂತು ಅಂತ ಹೇಳಾಕೇ ಇಷ್ಟು ಬರೀತಿರೋದು. ಫೋನ್ ಮಾಡಿದ್ರೆ ನಿಮ್ಮಣ್ಣ ವೆಂಕಟೇಶಣ್ಣನೇ ಎತ್ತಿ "ಮಲಗ್ಯಾಳೆ" ಅಂತಾರೆ. ಯಾವಾಗ ಮಾಡಿದ್ರೂ ಮಲಗೇ ಇರ್ತೀರಿ. ಈಗ ಅದೂ ಇಲ್ಲ, ನಂಬರೇ ಹೋಗಲ್ಲ. ಪೋಸ್ಟಿಗೆ ಹಾಕಿದ್ರೂ ಅವ್ರ ಕೈಗೇ ಸಿಗ್ತೈತೆ ಅಂತ ಬಸ್ಸಿನ ಕಂಡಕ್ಟರ್ ಹತ್ರ ಕೊಟ್ಟು, ನಿಮ್ಮ ಟೈಲರ್ ಗೆಳತಿ ಅನಿತಾ ಅಂಗಡಿಗೆ ಮುಟ್ಟಿಸ್ತಿದೀನಿ. ವೆಂಕಟೇಶಣ್ಣನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಂಗಿಗೆ ಯಾರಾದ್ರೂ ಅವ್ವ ನಿಮಗೆ ಅಂದಂಗೆ ಅಂದಿದ್ರೆ ನಾನೂ ಫೋನ್ ಕೊಡ್ತಿರ್ಲಿಲ್ಲ.

ಅಣ್ಣ ಅದನ್ನ ತಂದ ದಿನ ನೆನಪೈತಾ? ಯಾರೋ ಅವ್ನ ಬಣ್ಣದ ಮೀನಿನ ಅಂಗಡಿಗೆ ಬಂದು ಶಿವಮೊಗ್ಗದಿಂದ ಆಕ್ಸಲಾಟಲ್ ಅನ್ನೋ ಪ್ರಾಣಿ ತರಿಸಿಕೊಡು ಅಂತ ಹೇಳಿ, ತರಿಸಿದ್ಮೇಲೆ ಈ ಕಡೆ ತಲೆನೂ ಹಾಕ್ಲಿಲ್ಲ. ಅಣ್ಣ ಪ್ಲಾಸ್ಟಿಕ್ ಕವರ್ ಎತ್ತಿ ಬೆಳಕಿಗೆ ಹಿಡಿದ್ರೆ ನಾವೆಲ್ಲಾ ಒಂದು ಹೆಜ್ಜೆ ಹಿಂದೆ. ಮೀನು ಅಂದ್ರೆ ಕಾಲದಾವೆ, ಹಲ್ಲಿ ಅಂದ್ರೆ ನೀರು ಬಿಟ್ಟು ಬರಲ್ಲ, ಬೆಳ್ಳಗೆ, ಕಣ್ಣಿಗೆ ರೆಪ್ಪೆ ಇಲ್ಲ, ಕಿವಿ ಇರೋ ಜಾಗದಾಗೆ ಎರಡೂ ಕಡೆ ಕೆಂಪು ಕುಚ್ಚು. ಅವ್ವ "ಹಲ್ಲಿ ಬಿದ್ರೆ ಶಾಂತಿ ಮಾಡಿಸ್ತಾರೆ, ಇವ್ನು ಕೊಂಡು ತಂದಾನೆ" ಅಂತ ಅಡಿಗೆ ಮನೆ ಸೇರ್ಕೊಂಡ್ಲು. ನೀವೊಬ್ರೇ ಹತ್ರ ಹೋಗಿ "ಅಯ್ಯ, ಬಾಸಿಂಗ ಕಟ್ಟಿದ ಮದುಮಗನ ಥರ ಐತಲ್ರೀ" ಅಂದ್ರಿ. ಅಲ್ಲಿಗೆ ಬಾಸಿಂಗಪ್ಪ ಆಯ್ತು. ಅಣ್ಣ ನಗ್ತಾ "ಮದುಮಗನ್ನ ಈಗ್ಲೇ ಮನೆ ತುಂಬಿಸ್ಬಾರ್ದು, ಇನ್ನೂ ನೀರು ಹಣ್ಣಾಗ್ಬೇಕು" ಅಂತ ಅದನ್ನ ಟಬ್ಬಿನಾಗೆ ಬಿಟ್ಟು, ಖಾಲಿ ಟ್ಯಾಂಕಿಗೆ ನೀರು ತುಂಬಿಸಿ ಮೋಟ್ರು ಹಾಕ್ದ. ವಾರಗಟ್ಲೆ ಆ ಖಾಲಿ ನೀರು ಗುಳುಗುಳು ಅಂತಿತ್ತು. ಅಂಗಡ್ಯಾಗೂ ಅವ್ನದು ಅದೇ ಹಟ. ಟ್ಯಾಂಕು ಕೊಂಡ ದಿನ ಮೀನು ಕೊಡ್ತಿರ್ಲಿಲ್ಲ. ಜನ ಬೈಯೋರು, ಮೀನಂಗಡಿ ಇಟ್ಟು ಮೀನೇ ಕೊಡಲ್ಲ ಅಂತಾನಲ್ಲಪ್ಪ ಇವ್ನು ಅಂತ. ನಾನೂ ಬೈದಿದೀನಿ. ಕೋಳಿ ಅಂಗಡಿ, ಗ್ಯಾರೇಜು, ಅಡಿಕೆ ಸುಲಿಯೋ ಮಿಷನ್ನು, ಟಾಟಾ ಏಸು, ಎಲ್ಲಾ ಮಾಡಿ ಎಲ್ಲಾ ಬಿಟ್ಟೋನು ನಾನು. ನೀರು ಹಣ್ಣಾಗ್ಲಿ ಅಂತ ಕಾಯೋದು ಅಂದ್ರೆ ನನ್ನ ಕಣ್ಣಿಗೆ ಸೋಮಾರಿತನ ಕಾಣೋದು.

ಸಂಕ್ರಾಂತಿ ಕಳೆದ್ಮೇಲೆ ಹೊನ್ನಾಳಿ ರಸ್ತೆಯಾಗೆ ಅಣ್ಣಂಗೆ ಆಗಿದ್ದನ್ನ ನಾನು ಬರಿಯಲ್ಲ. ಹಿಂದೆ ದೀಪ ಇಲ್ದೇ ನಿಂತಿದ್ದ ಆ ಕಬ್ಬಿನ ಟ್ರೇಲರ್ ಕನಸಿಗೆ ಬರ್ತೈತೆ, ಅಷ್ಟು ಸಾಕು. ಬರಿಯಾಕೆ ಹೊರಟಿರೋದು ಮೈಲಿಗೆ ಕಳೆಯೋ ದಿನದ್ದು. ನಾವು ಗಂಡಸರು ನೀರಿನ ಚಾನೆಲ್ ಹತ್ರ ತಲೆ ಬೋಳಿಸ್ಕೊಂಡು ಬರೋಷ್ಟೊತ್ತಿಗೆ ಜಗಳೂರಿನ ದೊಡ್ಡವ್ವ ಕೊಲ್ಲಾಪುರಮ್ಮ ಸೀರೆ ಎತ್ತಿ ಕಟ್ಟಿ ನಿಂತಿದ್ಲು. ಸಾವಿನ ಮನ್ಯಾಗೆ ತುಂಬಿಟ್ಟ ನೀರು ಇರ್ಬಾರ್ದು. ಕೊಡ ಚೆಲ್ಲಿದ್ರು, ಹಂಡೆ ಚೆಲ್ಲಿದ್ರು, ಮಜ್ಜಿಗೆ ಗಡಿಗೆ ಚೆಲ್ಲಿದ್ರು, ಗಂಜಲ ಹಾಕಿ ನೆಲ ತೊಳೆದ್ರು. ಆಮೇಲೆ ಯಾರದ್ದೋ ಕಣ್ಣಿಗೆ ಟ್ಯಾಂಕು ಬಿತ್ತು. ಅದೂ ತುಂಬಿಟ್ಟ ನೀರೇ ಅಲ್ವಾ. ದೊಡ್ಡವ್ವ ಬಾಸಿಂಗಪ್ಪನ್ನ ಚೆಂಬಿನಾಗೆ ಮೊಗೆದು ಬಕೀಟಿಗೆ ಹಾಕಿ, ಅಷ್ಟೂ ನೀರನ್ನ ಚರಂಡಿಗೆ ಸುರಿದು, ಗಾಜಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ಲು. ಮೋಟ್ರಿಗೆ ಸಿಕ್ಕಿಸಿದ್ದ ಸ್ಪಂಜನ್ನ ಬಟ್ಟೆ ಒಗೆಯೋ ಕಲ್ಲಿಗೆ ಬಡಿದು ಬಡಿದು ಹಳದಿ ಮಾಡಿ ಬೇಲಿ ಮೇಲೆ ಹಾಕಿದ್ಲು. ಅವ್ಳ ಲೆಕ್ಕದಾಗೆ ಉಪಕಾರ ಮಾಡಿದ್ಲು. ನೀವು ಒಳಗಿಂದ ಬಂದು ಆ ಸ್ಪಂಜನ್ನ ಎದೆಗೆ ಅವುಚ್ಕೊಂಡು ನೆಲಕ್ಕೆ ಕೂತಿದ್ದನ್ನ ನಾನು ಬಾಗ್ಲಾಗಿಂದ ನೋಡಿದೆ. ಅಣ್ಣನ್ನ ಎತ್ತಿದಾಗ ನೀವು ಅತ್ತಿರ್ಲಿಲ್ಲ. ಜನ ಮಾತಾಡ್ಕೊಂಡಿದ್ರು ಕೂಡ. ಅವತ್ತು ಅತ್ರಿ ನೋಡ್ರಿ, ಬೀದಿ ಜನ ಬಂದ್ರು. ಅವಾಗ ಅವ್ವ ಅಂದ್ಲು, "ಗಂಡ ಸತ್ತಾಗ ಬರದ ಕಣ್ಣೀರು ಹಲ್ಲಿಗೆ ಬಂತಾ ನಿನಗೆ?" ಅಂತ. ಬರೀಬಾರ್ದು ಅಂತ ಪೆನ್ನು ಎತ್ತಿದ್ದೆ. ಬರೀದಿದ್ರೆ ಏನೂ ಆಗಿಲ್ಲ ಅನ್ನೋ ಹಂಗೆ ಆಗ್ತೈತೆ.

ವೆಂಕಟೇಶಣ್ಣ ನಿಮ್ಮನ್ನ ಅದೇ ಸೀರ್‍ಯಾಗೆ ಕಾರಿಗೆ ಹತ್ತಿಸಿದ್ರು. ಕಾರಿನ ಗಾಜು ಇಳಿಸಿ ನೀವು ನನಗೆ ಅಂದಿದ್ದು ಒಂದೇ ಮಾತು, "ಅದನ್ನ ಸಾಯಾಕೆ ಬಿಡಬೇಡ ಕೆಂಚೇಶಿ." ಅದೇನು ದೊಡ್ಡ ಕೆಲ್ಸ ಅನ್ಕೊಂಡೆ. ಟ್ಯಾಂಕು ಫಳಫಳ ಅಂತಿತ್ತು, ನೀರು ತುಂಬಿಸಿ ಬಿಟ್ಟೆ. ನೀರು ಗಾಜಿನ ಥರ ತಿಳಿಯಾಗಿತ್ತು, ನಾನು ಖುಷಿಯಾಗಿದ್ದೆ. ಒಂದು ವಾರ ಆಗಿತ್ತೋ ಇಲ್ವೋ, ಬಾಸಿಂಗ ಸುಟ್ಟ ಬತ್ತಿ ಥರ ಚಿಕ್ಕದಾಯ್ತು, ಹೊಟ್ಟೆ ಮೇಲೆ ಕೆಂಪು ಗೆರೆ ಎದ್ವು, ಎರೆಹುಳ ಬಾಯಿಗೆ ಇಟ್ರೂ ಮುಖ ತಿರುಗಿಸೋದು. ಮೇಲೆ ಬಂದು ಬಾಯಿ ತೆಗೆದು ಗಾಳಿ ನುಂಗೋದು. ಅಣ್ಣ ಮೀನು ತರಿಸ್ತಿದ್ದ ಶಿವಮೊಗ್ಗದ ಹೋಲ್‌ಸೇಲ್ ಅಂಗಡಿಯವ್ರಿಗೆ ಫೋನ್ ಮಾಡಿದೆ. "ತಿಳಿ ನೀರು ಅಲ್ಲಪ್ಪ ಅದು, ವಿಷ. ಮೊದ್ಲು ಅದನ್ನ ಹೊರಗೆ ತೆಗಿ" ಅಂತ ಬೈದ್ರು. ಪ್ರಾಣಿ ಹೊಲಸು ಮಾಡ್ತೈತಲ್ಲ, ಅದು ನೀರಾಗೆ ಅಮೋನಿಯ ಆಗ್ತೈತಂತೆ, ಉಚ್ಚೆ ವಾಸ್ನೆ ಬರ್ತೈತಲ್ಲ ಅದೇ. ಅದನ್ನ ತಿನ್ನೋ ಕಣ್ಣಿಗೆ ಕಾಣದ ಹುಳ ಒಂದು ಜಾತಿ. ಅವು ತಿಂದು ಬಿಡೋದೂ ವಿಷಾನೇ, ನೈಟ್ರೈಟು. ಅದನ್ನ ತಿನ್ನಾಕೆ ಇನ್ನೊಂದು ಜಾತಿ. ಆಮೇಲೆ ಉಳಿಯೋದು ಅಷ್ಟೇನು ಕೆಟ್ಟದ್ದಲ್ಲ, ಆಗಾಗ ಒಂದಿಷ್ಟು ನೀರು ತೆಗೆದು ಹೊಸದು ಹಾಕಿದ್ರೆ ಹೋಗ್ತೈತೆ. ಈ ಎರಡೂ ಹುಳ ಇರೋದು ಆ ಲೋಳೆ ಸ್ಪಂಜಿನಾಗೆ. ಅಣ್ಣ ಖಾಲಿ ನೀರಿಗೆ ವಾರಗಟ್ಲೆ ಕಾದಿದ್ದು ಅವು ಹುಟ್ಲಿ, ಹೆಚ್ಲಿ ಅಂತ. ನಾವು ಕಲ್ಲಿಗೆ ಬಡಿದಿದ್ದೂ ಅವನ್ನೇ. ಫೋನ್ ಇಟ್ಮೇಲೆ ನನಗೆ ನಿಮ್ಮ ಅಳು ಅರ್ಥ ಆಯ್ತು ಅತ್ತಿಗೆ. ಅವ್ನು ಕೈಯಾರೆ ಜೀವ ಬರಿಸಿದ್ದು ಮನ್ಯಾಗೆ ಅದೊಂದೇ ಉಳ್ಕೊಂಡಿತ್ತು, ಅದನ್ನೂ ನಾವು ಚರಂಡಿಗೆ ಬಿಟ್ವಿ.

ಬಾಸಿಂಗಪ್ಪನ್ನ ಟಬ್ಬಿಗೆ ಹಾಕ್ದೆ. ಟಬ್ಬು ಅಂದ್ರೆ ದಿನಾ ಅಷ್ಟೂ ನೀರು ಬದ್ಲಾಯಿಸ್ಬೇಕು, ನಲ್ಲಿ ನೀರಿನ ಬ್ಲೀಚಿಂಗ್ ಹೋಗಾಕೆ ಮೊದ್ಲೇ ಹಿಡಿದಿಟ್ಟು ಔಷಧಿ ಹನಿ ಹಾಕ್ಬೇಕು. ಇತ್ಲಾಗೆ ಟ್ಯಾಂಕಿಗೆ ಹೊಸದಾಗಿ ಹುಳ ಹುಟ್ಟಿಸೋಣ ಅಂತ ಕೂತೆ, ಕೂತೇ ಕೂತೆ, ಏನೂ ಆಗ್ಲಿಲ್ಲ. ಅಂಗಡಿಯವ್ರು ಹೇಳಿದ್ರು, ಹಣ್ಣಾದ ಟ್ಯಾಂಕಿನ ಸ್ಪಂಜು ಒಂದು ತುಂಡು ಸಿಕ್ರೆ ಬೇಗ ಆಗ್ತೈತೆ, ನಿಮ್ಮಣ್ಣ ಗಿರಾಕಿಗಳಿಗೆ ಹಂಗೇ ಮಾಡ್ತಿದ್ನಲ್ಲ ಅಂತ. ಅಷ್ಟು ಕೇಳಿದ್ದೇ ತಡ ಬೈಕ್ ತೆಗೆದೆ. ಅಣ್ಣ ಯಾರ್‍ಯಾರ ಮನೆಗೆ ಟ್ಯಾಂಕು ಕೂರಿಸಿದ್ನೋ ಅವ್ರ ಹತ್ರ ಅವ್ನ ಸ್ಪಂಜು ಇರ್ಲೇಬೇಕಲ್ಲ. ನಮ್ಮೂರ ಕಟಿಂಗ್ ಶಾಪಿಗೆ ಹೋದ್ರೆ ಟ್ಯಾಂಕಿನ ತುಂಬ ಬಣ್ಣದ ಟವೆಲ್ ಮಡಚಿಟ್ಟಿದ್ದ. "ಮೀನು ಸತ್ವು ಮಾರಾಯ, ಜಾಗ ಯಾಕೆ ವೇಸ್ಟು" ಅಂದ. ಚನ್ನಗಿರಿಯಾಗೆ ಒಬ್ಬ ಡಾಕ್ಟರ್ ಕ್ಲಿನಿಕ್ಕಿನಾಗೆ ಇತ್ತು, ಈಗ ಅದ್ರಾಗೆ ಪ್ಲಾಸ್ಟಿಕ್ ಹೂವು, ಪ್ಲಾಸ್ಟಿಕ್ ಮೀನು. ಕಾಂಪೌಂಡ್ರು "ಇದು ಚೆನ್ನಾಗೈತೆ, ಸಾಯಲ್ಲ" ಅಂದ. ಅಣ್ಣ ಸತ್ತಿದ್ದು ಅವತ್ತು ಎರಡನೇ ಸಲ ಗೊತ್ತಾದಂಗೆ ಆಯ್ತು.

ಕೊನೆಗೆ ಕೆರೆಬಿಳಚಿ. ಅಡಿಕೆ ತೋಟದೋರ ಮನೆ, ಶಿವಗಂಗಮ್ಮ ಅಂತ. ಮೊಮ್ಮಕ್ಕಳ ಹಟಕ್ಕೆ ಕೂರಿಸಿದ ಟ್ಯಾಂಕಂತೆ. ಮೊಮ್ಮಕ್ಕಳು ಓದಾಕೆ ಹೋದ್ಮೇಲೂ ಅಜ್ಜಿ ಮೋಟ್ರು ಆರಿಸಿಲ್ಲ, "ಆ ಗುಳುಗುಳು ಇಲ್ದಿದ್ರೆ ನನಗೆ ನಿದ್ದೆ ಹತ್ತಲ್ಲಪ್ಪ" ಅಂತು. ನಾನು ಯಾರು ಅಂತ ಹೇಳಿ ಸ್ಪಂಜಿನಾಗೆ ಒಂದು ತುಂಡು ಕೊಡ್ರಿ ಅಂದೆ. ಅಜ್ಜಿ ಕೈ ಆಡಿಸ್ತು. "ಇವತ್ತು ಮಂಗಳವಾರ ತಮ್ಮಾ, ಉಪ್ಪು, ಸುಣ್ಣ, ಹೆಪ್ಪು ಮನೆಯಿಂದ ಆಚೆ ಕೊಡಲ್ಲ. ನಾಳೆ ಬಾ." ಇದು ಹೊಲಸು ಸ್ಪಂಜು ಕಣಜ್ಜಿ, ಹೆಪ್ಪಲ್ಲ ಅಂದೆ. "ನಿಮ್ಮಣ್ಣ ಹಾಕೋವಾಗ ಹೆಪ್ಪು ಹಾಕ್ತಿದೀನಿ ಅಂತಲೇ ಹಾಕ್ಯಾನೆ. ಮೊಸರಿಗೆ ಹಾಕೋದೂ ಹೊಲಸೇನು?" ಅಂತು. ಆಮೇಲೆ ಎಲೆ ಅಡಿಕೆ ಮಡಚ್ತಾ ಕೇಳ್ತು, "ಅವ್ನೇ ಬಂದು ತಗೊಂಡ್ಹೋಗ್ಬೋದಿತ್ತಲ್ಲ, ಯರ್ರಿಸ್ವಾಮಿ? ನಮ್ಮನ್ನ ಮರೆತ್ನಾ?" ಅಂತ. ಬೋಳಿಸಿದ್ದ ತಲೆ ಮುಟ್ಟಿ ತೋರಿಸ್ದೆ, ಕೂದ್ಲು ಇನ್ನೂ ಮೊಳಕೆ ಥರ ಇತ್ತು. ಅಜ್ಜಿ ಎಲೆ ಕೆಳಗಿಟ್ಟು ಒಳಗೆ ಹೋಯ್ತು. ಅಳಾಕೆ ಹೋಯ್ತೇನೋ ಅನ್ಕೊಂಡೆ. ಕತ್ರಿ, ಸ್ಟೀಲ್ ಡಬ್ಬಿ ಹಿಡ್ಕೊಂಡು ಬಂತು. ಸ್ಪಂಜನ್ನ ಅರ್ಧಕ್ಕೆ ಕತ್ತರಿಸಿ, ಟ್ಯಾಂಕಿನ ನೀರನ್ನೇ ಡಬ್ಬಿಗೆ ಹಾಕಿ ಮುಚ್ಚಿ ಕೊಡ್ತು. ಮಂಗಳವಾರ ಅಂದ್ರಲ್ಲ ಅಜ್ಜಿ ಅಂದ್ರೆ, "ವಾರ ನಾನು ನೋಡ್ಕೊಂತೀನಿ, ನೀನು ನಡಿ ತಮ್ಮಾ, ಒಣಗೀತು" ಅಂತು. ಸೂಳೆಕೆರೆ ಏರಿ ಮೇಲೆ ಬರೋವಾಗ ಡಬ್ಬೀನ ಶರ್ಟಿನ ಒಳಗೆ ಇಟ್ಕೊಂಡಿದ್ದೆ, ಬಿಸಿಲು ತಾಗ್ಬಾರ್ದು ಅಂತ.

ಮನೆಗೆ ಬಂದು ಟ್ಯಾಂಕಿಗೆ ಹಾಕ್ತಿದ್ದೆ. ಅವ್ವ ಹಿಂದೆ ಬಂದು ನಿಂತು "ಏನೋ ಅದು, ಪಾಚಿ ಗಲೀಜು" ಅಂದ್ಲು. ಅಣ್ಣ ಹಾಕಿದ ಹೆಪ್ಪು ಅವ್ವಾ, ಕೆರೆಬಿಳಚಿಯಾಗೆ ಉಳ್ಕೊಂಡಿತ್ತು ಅಂದೆ. ಅಮೋನಿಯ, ನೈಟ್ರೈಟು ಅಂತ ಏನೂ ಹೇಳ್ಲಿಲ್ಲ. ಹೇಳಬೇಕಾಗ್ಲೂ ಇಲ್ಲ. ಮದುವೆ ಆಗಿ ಬಂದಾಗಿಂದ ಮನ್ಯಾಗೆ ಹೆಪ್ಪು ತಪ್ಪಿಸಿದೋಳಲ್ಲ ಅವ್ಳು, ಮೈಲಿಗೆ ದಿನ ಮಜ್ಜಿಗೆ ಗಡಿಗೆ ಚೆಲ್ಲಿದ್ಮೇಲೆ ಪಕ್ಕದ ಮನ್ಯಾಗೆ ಹೆಪ್ಪಿಗೆ ಬಟ್ಲು ಹಿಡಿದು ನಿಂತೋಳು. ನೆಲದ ಮೇಲೆ ಕೂತ್ಲು. "ಹಂಗಾದ್ರೆ ಅವತ್ತು ನಾವು ಕಲ್ಲಿಗೆ ಬಡಿದಿದ್ದು..." ಅಂದೋಳು ಅಲ್ಲಿಗೇ ನಿಲ್ಸಿದ್ಲು. ಮುಂದಿನ ಮಾತು ಇವತ್ತಿನವರೆಗೂ ಆಡಿಲ್ಲ. ನಿಮ್ಮ ಹೆಸರೂ ಎತ್ತಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವತ್ತಿಂದ ದಿನಾ ಬೆಳಿಗ್ಗೆ ಆ ಖಾಲಿ ಟ್ಯಾಂಕಿಗೆ ಚಿಟಿಕೆ ಮೀನಿನ ಕಾಳು ಹಾಕೋದು ಅವ್ಳೇ, ಅದು ಕೊಳೆತ್ರೆನೇ ಹುಳಕ್ಕೆ ಊಟ. ಎದುರು ಮನೆಯೋಳು ಕಿಟಕಿಯಿಂದ ನೋಡಿ "ಏನತ್ತೆ, ಖಾಲಿ ಡಬ್ಬಕ್ಕೆ ಎಡೆ ಇಡ್ತೀರಾ" ಅಂತ ನಗಾಡಿದ್ಲು. "ಹ್ಞೂ, ನಿನಗೂ ಇಡ್ಲಾ?" ಅಂದ್ಲು ನಮ್ಮವ್ವ. ಅಣ್ಣ ಹೋದ್ಮೇಲೆ ಅವ್ಳ ಬಾಯಾಗೆ ಖಾರ ಬಂದಿದ್ದು ಅವತ್ತೇ.

ನೀರು ನೋಡಾಕೆ ಅಣ್ಣನ ಹನಿ ಬಾಟ್ಲಿಗಳಿದ್ವು. ಗಾಜಿನ ಕೊಳವೆಗೆ ನೀರು ಹಾಕಿ ಹನಿ ಬಿಟ್ರೆ ಬಣ್ಣ ತಿರುಗ್ತೈತೆ. ಅಮೋನಿಯಕ್ಕೆ ಹಳದಿ ಬಂದ್ರೆ ಒಳ್ಳೇದು, ಹಸಿರು ಬಂದ್ರೆ ಕೆಟ್ಟದ್ದು. ನೈಟ್ರೈಟಿಗೆ ತಿಳಿ ನೀಲಿ ಬರ್ಬೇಕು, ನೇರಳೆ ಬರ್ಬಾರ್ದು. ಅವ್ವನಿಗೆ ಓದಾಕೆ ಬರಲ್ಲ, ಬಣ್ಣ ಬರ್ತೈತಲ್ಲ. ಕೊಳವೆ ಕಿಟಕಿಗೆ ಹಿಡಿದು "ಇನ್ನೂ ಬದನೆಕಾಯಿ ಬಣ್ಣ ಐತೆ, ಬಿಡಬೇಡ್ವೋ" ಅನ್ನೋಳು. ಮೊದ್ಲು ಹಸಿರು ಇಳೀತು, ನೇರಳೆ ಮಾತ್ರ ಜಪ್ಪಯ್ಯ ಅಂದ್ರೂ ಇಳೀಲಿಲ್ಲ. ನನಗೆ ತಲೆ ಕೆಟ್ಟು ಒಂದು ಸಲ ಆಗಿದ್ದಾಗ್ಲಿ ಅಂತ ಬಾಸಿಂಗಪ್ಪನ್ನ ಬಿಡಾಕೇ ಹೋಗಿದ್ದೆ, ಅವ್ವ ಟ್ಯಾಂಕಿಗೆ ಅಡ್ಡ ನಿಂತ್ಲು. "ಒಂದು ಸಲ ಅವಸರ ಮಾಡಿ ನೋಡಿದ್ವಲ್ಲ" ಅಂದ್ಲು. ಯುಗಾದಿ ಮುಂಚೆ ಒಂದು ಬೆಳಿಗ್ಗೆ ಹಳದಿಗೆ ಹಳದಿ, ನೀಲಿಗೆ ನೀಲಿ. ಕಾಳು ಹಾಕಿ ಮಾರನೇ ದಿನ ನೋಡಿದ್ರೂ ಅಷ್ಟೇ. ಬಿಟ್ವಿ. ಬಾಸಿಂಗಪ್ಪ ತಳಕ್ಕೆ ಇಳಿದು, ನಾಲ್ಕು ಕಾಲೂ ಊರಿ, ನಮ್ಮಿಬ್ರನ್ನೂ ನೋಡ್ತಾ ನಿಂತ್ಕೊಂಡ್ತು. ಆಮೇಲೆ ಎರೆಹುಳ ತಿಂತು. ನೀವಿರ್ಬೇಕಿತ್ತು.

ಇಲ್ಲಿಗೆ ಮುಗಿದಿದ್ರೆ ಪತ್ರನೇ ಬೇಕಿರ್ಲಿಲ್ಲ. ಈಗ ಬಿಸಿಲು ಬಂತು. ನಮ್ಮದು ಶೀಟಿನ ಮನೆ, ಮಧ್ಯಾಹ್ನ ಟ್ಯಾಂಕಿಗೆ ಕೈ ಅದ್ದಿದ್ರೆ ಬೆಚ್ಚಗೆ ಹತ್ತುತೈತೆ. ಅದಕ್ಕೆ ಬೇಕಾಗಿರೋದು ಡಿಸೆಂಬರ್ ಬೆಳಗಿನಂಥ ನೀರು. ಬಾಟ್ಲಿಯಾಗೆ ನೀರು ಹೆಪ್ಪುಗಟ್ಟಿಸಿ ತೇಲಿ ಬಿಡ್ತೀವಿ, ಮೇಲೆ ಟೇಬಲ್ ಫ್ಯಾನ್ ಇಟ್ಟೀವಿ, ಕರೆಂಟ್ ಹೋದ್ರೆ ಅವ್ವ ಮೊರ ಹಿಡಿದು ಗಾಳಿ ಹಾಕ್ತಾಳೆ. ಆದ್ರೂ ಬಾಸಿಂಗಪ್ಪ ತಿನ್ನೋದು ಕಮ್ಮಿ ಮಾಡೈತೆ, ಬಾಲದ ತುದಿ ಮಡಚ್ಕೊಂಡು ಮೂಲೆ ಹಿಡಿದೈತೆ. ಇನ್ನೂ ಮೇ ತಿಂಗಳು ಮುಂದೈತೆ. ಮನೇನೂ ಈ ತಿಂಗಳ ಕೊನೆಗೆ ಖಾಲಿ ಮಾಡ್ತಿದೀವಿ. ನನ್ನನ್ನ ಜಗಳೂರು ಕಡೆ ಕರೆಂಟ್ ತೆಗೆಯೋ ಗಾಳಿ ಫ್ಯಾನಿನ ಕಂಪನಿಗೆ ಕೆಲ್ಸಕ್ಕೆ ಕರ್ದಾರೆ, ಅವ್ವ ದೊಡ್ಡವ್ವನ ಮನ್ಯಾಗೆ ಇರ್ತಾಳೆ. ಅಲ್ಲಿ ಬಿಸಿಲು ಇನ್ನೂ ಜಾಸ್ತಿ, ಬೋರ್ ನೀರು ಸವಳು, ಒಳ್ಳೆ ನೀರು ಬಂದ ದಿನ ಬಂತು. ದೊಡ್ಡವ್ವ ಫೋನಿನಾಗೆ "ಅದನ್ನ ಸೂಳೆಕೆರೆಗೆ ಬಿಟ್ಟು ಬಾರೋ, ಅಷ್ಟು ದೊಡ್ಡ ಕೆರೆ ಐತೆ, ಬದುಕ್ಕೊಂತೈತೆ, ಪುಣ್ಯನೂ ಬರ್ತೈತೆ" ಅಂತಾಳೆ. ಬದುಕಲ್ಲ. ಆ ಕಾದ ನೀರಾಗೆ ಮೀನು ಮೊದ್ಲು ಅದರ ಬಾಸಿಂಗ ಕಿತ್ತು ತಿಂತಾವೆ. ನಾನು ಹ್ಞೂ ಅಂದಿಲ್ಲ. ಆದ್ರೆ ಮನೆ ಖಾಲಿ ಮಾಡೋ ದಿನ ಹ್ಞೂ ಅನ್ನದೇ ಬೇರೆ ದಾರಿ ಇರಲ್ಲ.

ನಿಮ್ಮ ತವರು ಮಣ್ಣಿನ ಮಾಳಿಗೆ ಮನೆ. ಮದುವೆಗೆ ಬಂದಾಗ ಆ ಒಳಕೋಣೆಯಾಗೆ ಮಲಗಿ ಬೇಸಿಗೆಯಾಗೂ ಕಂಬಳಿ ಕೇಳಿದ್ದೆ ನಾನು. ಅಣ್ಣ ನಿಮ್ಮ ಮನೆಗೆ ಅಂತ ಕೊಟ್ಟಿದ್ದ ಗಾಜಿನ ಟ್ಯಾಂಕು ಅಲ್ಲೇ ಐತಲ್ಲ, ನಿಮ್ಮ ಅವ್ವಾರು ಅದ್ರಾಗೆ ಶೇಂಗಾ ತುಂಬಿಟ್ಟಿದ್ದು ನೋಡಿದೀನಿ. ಶೇಂಗಾ ಚೀಲಕ್ಕೆ ಹಾಕ್ರಿ. ಟ್ಯಾಂಕು ಬರೀ ನೀರಾಗೆ ತೊಳೀರಿ, ಸೋಪು ಬೇಡ. ಒಳಕೋಣೆಯಾಗೆ ಕಿಟಕಿಯಿಂದ ದೂರ ಇಡ್ರಿ, ಕಲ್ಲು ಮರಳು ಹಾಕ್ಬೇಡ್ರಿ, ಅದು ನುಂಗ್ತೈತೆ. ನಲ್ಲಿ ನೀರು ತುಂಬಿಸಿ ನೀಲಿ ಬಾಟ್ಲಿ ಔಷಧಿ ಹಾಕಿದ್ಮೇಲೆನೇ ಸ್ಪಂಜು ಇಳಿಸ್ರಿ, ಬ್ಲೀಚಿಂಗ್ ಇರೋ ನೀರು ತಾಗಿದ್ರೆ ಹುಳ ಅಲ್ಲೇ ಸಾಯ್ತಾವೆ. ಮೋಟ್ರಿಗೆ ಸ್ಪಂಜು ಸಿಕ್ಕಿಸಿ ಹಾಕಿದ್ಮೇಲೆ ಆರಿಸ್ಬೇಡ್ರಿ. ಚಿಟಿಕೆ ಕಾಳು ಹಾಕ್ರಿ. ಇದು ಅರ್ಧ ಹೆಪ್ಪು, ಇನ್ನರ್ಧ ಇಲ್ಲೇ ಬಾಸಿಂಗಪ್ಪನ ಜೊತೆಗೈತೆ. ಗುರುವಾರ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಾನು ಅದನ್ನ ಐಸ್ ಡಬ್ಬಿಯಾಗೆ ಇಟ್ಕೊಂಡು, ಆ ಅರ್ಧನೂ ತಗೊಂಡು ಬರ್ತೀನಿ. ಹೋದ ತಿಂಗಳು ಬಂದಾಗ ವೆಂಕಟೇಶಣ್ಣ ಬೀದಿಯಾಗೇ ನಿಲ್ಸಿ ವಾಪಸ್ ಕಳಿಸಿದ್ರು, ನೀವು ಒಳಗಿದ್ರೋ ಇಲ್ಲೋ ಗೊತ್ತಾಗ್ಲಿಲ್ಲ. ಈ ಸಲ ಬೇಡ ಅನ್ನೋ ಹಂಗಿದ್ರೆ ಅನಿತಾ ಫೋನಿಂದ ಒಂದು ಮಾತು ಹೇಳಿಸ್ರಿ. ಮನೆಗೆ ವಾಪಸ್ ಬರ್ರಿ ಅಂತ ನಾನು ಕೇಳ್ತಿಲ್ಲ. ಬರಾಕೆ ಮನೆನೂ ಉಳಿಯಲ್ಲ. ಇದೊಂದನ್ನ ಇಟ್ಕೊಳ್ರಿ ಅಂತ ಕೇಳ್ತಿದೀನಿ, ಅಷ್ಟೇ.

ಕೆರೆಬಿಳಚಿ ಅಜ್ಜಿ ಡಬ್ಬಿ ಅದು, ಎತ್ತಿಡ್ರಿ, ಕೊಟ್ಟು ಬರ್ಬೇಕು. ನಿಮ್ಮ ಅವ್ವಾರಿಗೆ ನನ್ನ ನಮಸ್ಕಾರ ಹೇಳ್ರಿ, ವೆಂಕಟೇಶಣ್ಣಂಗೂ ಹೇಳ್ರಿ, ತಗೊಂಡ್ರೆ ತಗೊಳ್ಲಿ. ಬಿಸಿಲಾಗೆ ತಲೆಗೆ ಬಟ್ಟೆ ಇಲ್ದೇ ಓಡಾಡ್ಬೇಡ್ರಿ. ಕಂಡಕ್ಟರ್ ಹಾರ್ನ್ ಹೊಡೆಸೋಕೆ ಮುಂಚೆ ಮುಗಿಸ್ಬೇಕು, ನಿಲ್ಸ್ತೀನಿ.

ಇಂತಿ ನಿಮ್ಮ ಮೈದುನ,
ಕೆಂಚೇಶಿ

ಮತ್ತೆ ಬರ್ದಿದ್ದು: ಅತ್ತಿಗೆ, ಮಡಚೋವಾಗ ಅವ್ವ ಬಂದು ಏನು ಬರ್ದಿ ಓದು ಅಂದ್ಲು. ಎಲ್ಲಾ ಓದ್ದೆ. ಅವ್ಳು ಅಂದ ಆ ಮಾತು ಬಂದಾಗ ನಾನು ತಡೆದೆ, ಹೊಡೆದು ಹಾಕ್ಲಾ ಅಂದೆ. "ಹೊಡೀಬೇಡ, ನಾನು ಅಂದಿದ್ದೇ ಅದು" ಅಂದ್ಲು. ಗುರುವಾರ ನಾನು ಬರ್ತಿಲ್ಲ. ಅವ್ವ ಬರ್ತಾಳೆ. ಒಬ್ಳೇ, ಬಾಸಿಂಗಪ್ಪನ್ನ ತೊಡೆ ಮೇಲೆ ಇಟ್ಕೊಂಡು. ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನೀವು ಬಾಗ್ಲು ತೆಗೀದಿದ್ರೂ ಹೊರಗೆ ಕಟ್ಟೆ ಮೇಲೆ ಕೂತಿರ್ತಾಳಂತೆ, ಸಂಜೆ ತನಕ ಆದ್ರೂ ಸರಿಯಂತೆ. ಅವ್ಳು ಕೂರ್ತಾಳೆ ಅತ್ತಿಗೆ, ಅವ್ಳಿಗೆ ಏನೂ ಆಗಲ್ಲ. ಐಸ್ ಮಾತ್ರ ಅಷ್ಟೊತ್ತು ತಡಿಯಲ್ಲ.